ಒರತೆಯ ಬಳಿಯ ನೀರು

ಹೋದ ವಾರ ಕಾಪು ಬೀಚಿನಲ್ಲಿ ಬಿಸಿಲಿಗೆ ಸಾಲಾಗಿ ಒಣಹಾಕಿದ್ದ ಲೈಫ್ ಜಾಕೆಟ್‌ಗಳ ಪಕ್ಕ ಹಾದುಹೋಗುವಾಗ ಆ ವಾಸನೆ ಮೂಗಿಗೆ ಬಡಿಯಿತು. ಬೆವರು, ಪ್ಲಾಸ್ಟಿಕ್, ಪೂರ್ತಿ ಒಣಗದ ಬಟ್ಟೆ. ಚೆಂದದ ವಾಸನೆಯೇನಲ್ಲ. ಆದರೂ ನಿಂತುಬಿಟ್ಟೆ. ಅಂಥದ್ದೇ ಒಂದು ಜಾಕೆಟನ್ನು ಬಿಗಿಯಾಗಿ ಕಟ್ಟಿಕೊಂಡು, ಕೆರೆಯ ದಡದಲ್ಲಿ, ಒಣ ಮೆಟ್ಟಿಲಿನ ಮೇಲೆ ಕೂತಿರುತ್ತಿದ್ದವಳು ನಾನು. ನೋಡಿದವರೆಲ್ಲ ನಗುತ್ತಿದ್ದರು. ನಗದಿದ್ದವರು ಅಲ್ಲಿಯ ದೋಣಿಯವರೊಬ್ಬರೇ.

ಆಗ ನಾನು ಮಣಿಪಾಲದ ಒಂದು ಸಣ್ಣ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡುತ್ತಿದ್ದೆ. ಅಲೆವೂರಿನ ಕಡೆ ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಯೊಂದರಲ್ಲಿ ನೀರು ನಿಂತು ಕೆರೆಯಾಗಿತ್ತು. ಊರಿನ ಸಮಿತಿಯವರು ಸುತ್ತ ಬೆಂಚು ಹಾಕಿಸಿ, ನಾಲ್ಕು ಪೆಡಲ್ ದೋಣಿ ಬಿಟ್ಟಿದ್ದರು. ತಿಂಗಳಿಗೊಮ್ಮೆ ಅಲ್ಲಿಯ ನೀರು ಪರೀಕ್ಷಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನನಗೋ ಈಜು ಬಾರದು, ನೀರೆಂದರೆ ಜೀವಭಯ. ನೀರಿನ ಹೆಸರಲ್ಲೇ ಸಂಬಳ ತೆಗೆದುಕೊಳ್ಳುವವಳು ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ದೋಣಿಯವರನ್ನು ಎಲ್ಲರೂ ದೋಣಿಯಣ್ಣ ಎನ್ನುತ್ತಿದ್ದರು. ಹೆಜಮಾಡಿಯವರು. ವರ್ಷಗಟ್ಟಲೆ ಸಮುದ್ರದಲ್ಲಿ ಬಲೆ ಎಳೆದು, ಬೆನ್ನು ಕೈಕೊಟ್ಟ ಮೇಲೆ ಈ ಕೆರೆಗೆ ಬಂದವರು. ಬೆಳಿಗ್ಗೆ ಜಾಕೆಟ್ ಒಣಹಾಕುವುದು, ದೋಣಿಯೊಳಗೆ ಸೇರಿದ ನೀರು ಮೊಗೆದು ಚೆಲ್ಲುವುದು, ತೇಲುವ ಎಲೆ ಹೆಕ್ಕುವುದು... ಮಾತು ಕಡಿಮೆ. ಮೊದಲ ದಿನವೇ ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿತ್ತು.

"ಬಾಟ್ಲಿ ಇಲ್ಲಿ ಕೊಡಿ ಮೇಡಂ. ನಾನು ತರ್ತೇನೆ, ನೀವು ಕೂತ್ಕೊಳ್ಳಿ."

ಬಾಟಲಿಯ ಬಾಯಿ ಮುಟ್ಟಬಾರದು, ಮೊಣಕೈ ಆಳಕ್ಕೆ ಇಳಿಸಿ ತುಂಬಬೇಕು ಎಂದು ಒಮ್ಮೆ ಹೇಳಿದ್ದೆ ಅಷ್ಟೇ. ನನಗಿಂತ ಅಚ್ಚುಕಟ್ಟಾಗಿ ತುಂಬಿ ತರುತ್ತಿದ್ದರು. ಎಲ್ಲಿಂದ ತಂದಿರಿ ಎಂದು ನಾನು ಕೇಳಲಿಲ್ಲ. ಮೂರು ತಿಂಗಳೂ ಫಲಿತಾಂಶ ಚೆನ್ನಾಗಿ ಬಂತು. 'ಕೆರೆಯ ಮೂರು ಭಾಗಗಳಿಂದ ಸಂಗ್ರಹಿಸಿದ ನೀರು' ಎಂದು ಬರೆದು ಸಹಿ ಹಾಕಿದೆ. ಬರೆಯುವುದಕ್ಕೇನು, ದಡದಲ್ಲಿ ಕೂತು ಏನು ಬೇಕಾದರೂ ಬರೆಯಬಹುದು.

ಆ ವರದಿಗಳನ್ನು ನಂಬಿ ಸಮಿತಿಯವರು ರಜೆಯಲ್ಲಿ ಅಲ್ಲೇ ಮಕ್ಕಳ ಈಜು ಶಿಬಿರ ನಡೆಸುವುದೆಂದು ತೀರ್ಮಾನಿಸಿದರು. ನಾಲ್ಕನೆಯ ಸಲ ಹೋದಾಗ ಸಂತೋಷದಿಂದಲೇ ದೋಣಿಯಣ್ಣನಿಗೆ ಹೇಳಿದೆ. ಹಗ್ಗ ಬಿಚ್ಚುತ್ತಿದ್ದವರ ಕೈ ನಿಂತಿತು.

"ಮಕ್ಕಳು ನೀರಿಗೆ ಇಳೀತಾರಾ?"

"ಹೌದು ದೋಣಿಯಣ್ಣ."

ಹಗ್ಗ ಪೂರ್ತಿ ಬಿಚ್ಚಿ ದೋಣಿಯನ್ನು ಮೆಟ್ಟಿಲಿನ ಹತ್ತಿರಕ್ಕೆ ಎಳೆದರು. ಆಮೇಲೆ, "ಹಾಗಾದ್ರೆ ಇವತ್ತು ನೀವು ದೋಣಿಗೆ ಬರ್ಬೇಕು ಮೇಡಂ" ಎಂದರು.

ಎರಡೂ ಕೈಯಲ್ಲಿ ಅಂಚು ಹಿಡಿದು ಹೇಗೋ ಕೂತೆ. ಮೊದಲು ಕಲ್ಲಿನ ಗೋಡೆಯ ಬುಡಕ್ಕೆ ಕರೆದೊಯ್ದರು. ಅಲ್ಲೊಂದು ಒರತೆ, ತಳದ ಕಲ್ಲು ಕಾಣುವಷ್ಟು ತಿಳಿನೀರು. ಇಷ್ಟು ದಿನ ಮೂರು ಬಾಟಲಿಯನ್ನೂ ಇಲ್ಲಿಯೇ ತುಂಬಿಸಿದ್ದೆಂದು ಹೇಳಿದರು. ನಾನು ಬೆಪ್ಪಾಗಿ ನೋಡಿದೆ.

"ಮನೆಗೆ ಬಂದವರಿಗೆ ಎಂತ ಕೊಡುವುದು ಮೇಡಂ? ಒಳ್ಳೆ ನೀರೇ ಅಲ್ವಾ?"

ಅವರ ಮುಖದಲ್ಲಿ ಕಪಟವಿರಲಿಲ್ಲ. ಬಂದವರ ಮುಂದೆ ಮೊದಲು ಬೆಲ್ಲ, ನೀರು ಇಡುವ ಊರು ನಮ್ಮದು. ಆ ನೀರನ್ನು ಆಗಷ್ಟೇ ಸೇದಿ ತರುತ್ತಾರೆ. ಕೆರೆಯ ನೀರನ್ನೂ ಅವರು ಹಾಗೆಯೇ ಆರಿಸಿ ತಂದಿದ್ದರು. ಆಮೇಲೆ ದೋಣಿ ಕೇದಗೆ ಪೊದೆಯ ಹಿಂದಿನ ಮೂಲೆಗೆ ತಿರುಗಿತು. ಮೇಲಿನ ಕಟ್ಟಡಗಳಿಂದ ಬರುವ ಪೈಪೊಂದು ಅಲ್ಲಿ ಬೂದುಬಣ್ಣದ ನೀರು ಸುರಿಸುತ್ತಿತ್ತು.

"ದೋಣಿಯಲ್ಲಿ ಕೂತವರಿಗೆ ತೊಂದರೆ ಇಲ್ಲ ಅಂತ ಗ್ರಹಿಸಿದ್ದೆ. ಮಕ್ಕಳಾದ್ರೆ ಬಾಯಿಗೆ ಹೋಗ್ತದೆ."

"ದೋಣಿಯೂ ನಿಂತರೆ ನಿಮ್ಮ ಕೆಲಸ?"

"ಅದು ಆಮೇಲೆ. ಬಾಟ್ಲಿ ಕೊಡಿ."

ಆ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಬೇಕಾದಷ್ಟಿತ್ತು. ಶಿಬಿರ ರದ್ದಾಯಿತು, ದೋಣಿಗಳೂ ನಿಂತವು. ಸಮಿತಿಯವರು ನನ್ನನ್ನು ಕರೆಸಿ, ಮೂರು ತಿಂಗಳು ಚೆನ್ನಾಗಿದ್ದದ್ದು ಈಗ ಹೇಗೆ ಕೆಟ್ಟಿತೆಂದು ಕೇಳಿದರು.

"ನೀರು ತಂದು ಕೊಡುತ್ತಿದ್ದದ್ದು ದೋಣಿಯವರು" ಎಂದೆ.

ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಮೆಟ್ಟಿಲು ಬಿಟ್ಟು ಏಳಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ದೋಣಿಯವರು ಕೆಲಸ ಉಳಿಸಿಕೊಳ್ಳಲು ಮೋಸ ಮಾಡಿದ್ದಾರೆ, ಇನ್ನು ಮುಂದೆ ಅವರು ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ಅವರು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಮಾತು ಆಡಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು. ಆಡಲಿಲ್ಲ. ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಒಂದು ವರ್ಷದ ಮೇಲೆ ಹೆಜಮಾಡಿಗೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಕೂತು ಯಾರದೋ ಬಲೆ ಹೆಣೆಯುತ್ತಿದ್ದರು. ತಪ್ಪಾಯಿತು ಎನ್ನಲು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರೇ ಮೊದಲು ಕೇಳಿದರು.

"ಈಗ ನೀರು ಹೇಗುಂಟು ಮೇಡಂ?"

"ಹಾಗೇ ಉಂಟು. ಪೈಪ್ ಇನ್ನೂ ತೆಗೆದಿಲ್ಲ."

"ಛೇ" ಎಂದು ಮತ್ತೆ ಬಲೆಯತ್ತ ಬಾಗಿದರು. ಜೋಡಿಸಿಕೊಂಡದ್ದನ್ನು ಹೇಳದೆಯೇ ಎದ್ದೆ. ಬಂದ ದಾರಿಯಲ್ಲೇ ವಾಪಸಾದೆ...

ಪೈಪು ತೆಗೆದದ್ದು ಬಹಳ ತಡವಾಗಿ. ಈಗ ನಾನೇ ದೋಣಿ ಹತ್ತಿ ಮೂಲೆಮೂಲೆಯ ನೀರು ತರುತ್ತೇನೆ, ಹೆದರಿಕೆ ಹಾಗೆಯೇ ಇದೆ. ಈ ತಿಂಗಳು ಕೇದಗೆ ಮೂಲೆಯ ನೀರೂ ಈಜಲು ಯೋಗ್ಯವೆಂದು ಬಂತು. ವರದಿಯ ಜೊತೆ ಒಂದು ಹಾಳೆ ಹೆಚ್ಚಿಗೆ ಇಟ್ಟೆ: ಆ ಮೂರು ತಿಂಗಳ ತಪ್ಪು ನನ್ನದು, ದೋಣಿಯವರದ್ದಲ್ಲ ಎಂದು. ಸಮಿತಿಯ ಹೊಸ ಕಾರ್ಯದರ್ಶಿ ಎರಡು ಸಲ ಓದಿ ತಲೆಯೆತ್ತಿದರು.

"ಯಾವ ದೋಣಿಯವರು ಮೇಡಂ?"

ಅವರು ತೀರಿಕೊಂಡು ಎರಡು ಮಳೆಗಾಲ ಕಳೆದಿವೆ. ನೀರು ಈಗ ಚೆನ್ನಾಗಿದೆ ಎಂದು ನಾನು ಹೇಳಬೇಕಿದ್ದದ್ದು ಅವರೊಬ್ಬರಿಗೇ.