ಯಜಮಾನರನ್ನು ಕೇಳಿದ ಕಂಪ್ರೆಸರ್

“ಯಜಮಾನ್ರಿಗೆ ಫೋನ್ ಹಚ್ಚಿ ಕೊಡ್ರಿ ಮೇಡಂ, ನಾ ಅವರ ಜೋಡಿ ಮಾತಾಡ್ತೀನಿ.”

ಹೀಗೆಂದವನು ಬಬಲೇಶ್ವರ ರಸ್ತೆಯ ಒಂದು ಗ್ಯಾರೇಜಿನ ಮಾಲೀಕ. ಕಾರು ನನ್ನದು. ಆರ್‌ಸಿಯಲ್ಲಿರುವ ಹೆಸರು ನನ್ನದು. ದಿನಾ ವಿಜಯಪುರದ ಜಲನಗರದ ಮನೆಯಿಂದ ಟಿಕೋಟಾದ ಕಾಲೇಜಿಗೆ ಅದನ್ನು ಓಡಿಸಿಕೊಂಡು ಹೋಗುವವಳು ನಾನು. ಅಲ್ಲಿ ಮಕ್ಕಳಿಗೆ ಫಿಸಿಕ್ಸ್ ಕಲಿಸುವವಳೂ ನಾನೇ. ಆದರೆ ಕಾರಿಗೆ ಏನಾಗಿದೆ ಎಂದು ಹೇಳಬೇಕಾದರೆ ಮಾತ್ರ ಯಜಮಾನರು ಬೇಕು!

ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಕೊಟ್ಟೆ. (ಬಾನೆಟ್ ತೆಗೆಯುವ ಹಿಡಿಕೆ ಎಲ್ಲಿದೆ ಎಂಬುದೂ ನಮ್ಮ ಯಜಮಾನರಿಗೆ ಗೊತ್ತಿಲ್ಲ. ಪಾಪ, ಗೊತ್ತಿದೆ ಎಂದು ಅವರು ಯಾವತ್ತೂ ಹೇಳಿಕೊಂಡವರೂ ಅಲ್ಲ.)

“ನನಗದೇನೂ ತಿಳಿಯಂಗಿಲ್ರಿ. ಬಾಜೂಕ ಅಕಿ ನಿಂತಾಳಲ್ಲ, ಅಕಿನ್ನ ಕೇಳ್ರಿ” ಎಂದರು ಅವರು.

ಮಾಲೀಕ ನಕ್ಕ. “ಸಾಹೇಬ್ರು ಭಾಳ ಮಸ್ಕಿರಿ ಮಾಡ್ತಾರ” ಎಂದು ಫೋನ್ ವಾಪಸ್ ಕೊಟ್ಟ.

ನನ್ನ ಸಿಟ್ಟು ಹೊತ್ತಿಕೊಂಡದ್ದು ಆಗ. ಇದನ್ನು ಬರೆಯುವ ಈ ಹೊತ್ತಿಗೂ ಅದು ಆರಿಲ್ಲ.

ಆದದ್ದಿಷ್ಟು. ಬಿಸಿಲು ಏರತೊಡಗಿದ ಹೊತ್ತಿಗೆ ಕಾರಿನ ಎ.ಸಿ. ಕಂಪ್ರೆಸರ್ ಕಡೆಯಿಂದ ಸದ್ದು ಶುರುವಾಯಿತು. ಹಿಟ್ಟಿನ ಗಿರಣಿಯಲ್ಲಿ ಜೋಳದ ಜೊತೆ ಹರಳು ಸಿಕ್ಕರೆ ಹೇಗೆ ಕರಕರ ಎನ್ನುತ್ತದೆ, ಹಾಗೆ. ಗ್ಯಾರೇಜಿನವನು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ದೂರದಿಂದಲೇ ಕಿವಿಗೊಟ್ಟು ತೀರ್ಪು ಕೊಟ್ಟ: “ಕಂಪ್ರೆಸರ್ ಹೋಗೈತ್ರಿ. ಪೂರಾ ಹೊಸಾದ ಹಾಕಬೇಕು.”

ನಾನು ಕೇಳಿದೆ: “ಎ.ಸಿ. ಬಂದ್ ಮಾಡಿದ್ರೂ ಸದ್ದು ಬರತೈತ್ರಿ. ಬಂದ್ ಇದ್ದಾಗ ಕಂಪ್ರೆಸರಿನ ಒಳಗಿಂದು ತಿರಗಂಗೇ ಇಲ್ಲ. ಬೆಲ್ಟ್ ಹಾಕಿದ ಹೊರಗಿನ ಗಾಲಿ, ಪುಲ್ಲಿ ಅಷ್ಟ ತಿರಗತೈತಿ. ಹಂಗಿದ್ದ ಮ್ಯಾಲ ಕಂಪ್ರೆಸರ್ ಹ್ಯಾಂಗ ಹೋತು? ಪುಲ್ಲಿ ಬೇರಿಂಗ್ ಯಾಕಾಗಿರಬಾರದು?”

“ಅದೆಲ್ಲ ಬುಕ್ಕಿನಾಗಿಂದ್ರಿ ಮೇಡಂ. ಹೆಣ್ಮಕ್ಕಳು ಗಾಡಿ ಹೊಡದ್ರ ಹಿಂಗ ಆಗೂದು. ಎ.ಸಿ. ಹಚ್ಚಿ, ಕಿಡಕಿ ಇಳಿಸಿ, ಕ್ಲಚ್ ಮ್ಯಾಲ ಕಾಲಿಟ್ಟು ಹೊಡೀತೀರಿ.”

ಕಾಲಿನ ಕ್ಲಚ್ಚಿಗೂ ಎ.ಸಿ.ಗೂ ಏನು ಸಂಬಂಧ? ಕೇಳಲಿಲ್ಲ. ಸುತ್ತ ಗಾಡಿ ರಿಪೇರಿಗೆ ತಂದ ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು. ಆ ಅಂಗಳದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಅವರೆಲ್ಲ ನಗಲು ಕಾಯುತ್ತಿದ್ದಂತೆ ಕಂಡಿತು. ಕಾರು ತಿರುಗಿಸಿಕೊಂಡು ಬಂದೆ.

ನೀವು ಕೇಳಬಹುದು, ಎ.ಸಿ. ಇಲ್ಲದಿದ್ದರೆ ಏನಂತೆ, ಕಿಟಕಿ ತೆಗೆದು ಓಡಿಸಮ್ಮ ಎಂದು. ನನಗಾದರೆ ಓಡಿಸಬಹುದಿತ್ತು. ನಮ್ಮವ್ವನಿಗೆ ಆಗುವುದಿಲ್ಲ.

ಅವ್ವ ಬಬಲೇಶ್ವರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ದಮ್ಮಿನ ರೋಗ. ಆಗಾಗ ಅವಳನ್ನು ಜಲನಗರದ ಡಾಕ್ಟರ ಹತ್ತಿರ ಕರೆತರಬೇಕು. ಧೂಳು ಮೂಗಿಗೆ ಹೋಗಲೇಬಾರದು ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದಾರೆ. ಅಂದರೆ ಕಿಟಕಿ ಮುಚ್ಚಿರಬೇಕು. ನಮ್ಮ ಬಿಸಿಲಿನಲ್ಲಿ ಕಿಟಕಿ ಮುಚ್ಚಿದ ಕಾರಿಗೂ ರೊಟ್ಟಿ ಸುಡುವ ಹಂಚಿಗೂ ವ್ಯತ್ಯಾಸವೇನು? ಎ.ಸಿ. ನಡೆಯಲೇಬೇಕು.

ಸದ್ದು ಮಾಡುತ್ತಲೇ ಕಾರು ಒಮ್ಮೆ ಬಬಲೇಶ್ವರಕ್ಕೆ ಹೋಗಿತ್ತು. ಅಣ್ಣ ಬಾಗಿಲಲ್ಲೇ ತಡೆದ. “ಅವ್ವನ್ನ ಈ ಗಾಡ್ಯಾಗ ಕಳಸಂಗಿಲ್ಲ ತಂಗಿ. ನಡು ಹಾದ್ಯಾಗ ಬಂದ್ ಬಿತ್ತಂದ್ರ, ಹೆಣ್ಮಗಳು ನೀ ಏನ ಮಾಡ್ತಿ?” ಅವ್ವ ಅವತ್ತು ಅವನ ಜೊತೆ ಬಸ್ಸಿನಲ್ಲಿ ಬಂದಳು. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ. ಡಾಕ್ಟರ ಬಾಗಿಲಲ್ಲಿ ನಿಂತು ಉಸಿರಿಗಾಗಿ ಅವಳು ಬಾಯಿ ತೆರೆದದ್ದನ್ನು ನೋಡಿದ ಮೇಲೂ ಅಣ್ಣ ಹೇಳಿದ್ದು ಒಂದೇ ಮಾತು: “ನಿನ್ನ ಗಾಡಿಕ್ಕಿಂತ ಬಸ್ ಗಟ್ಟಿ.”

ಅಂದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಸದ್ದು ನಿಲ್ಲದಿದ್ದರೆ ಅವ್ವನಿಗೆ ಮತ್ತೆ ಬಸ್ಸೇ ಗತಿ.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗಳು ನಾನು. ಗಂಡು, ಹೆಣ್ಣು ಎರಡೂ ಹಿಡಿದು ಲೆಕ್ಕ ಹಾಕಿದರೂ ನಾನೇ. ಬಬಲೇಶ್ವರದಿಂದ ಬಸ್ಸಿನಲ್ಲಿ ನಿಂತೇ ಬಂದು, ನಿಂತೇ ಹೋಗಿ ಬಿ.ಎಸ್ಸಿ. ಮುಗಿಸಿದವಳು. ಆಮೇಲೆ ಎಂ.ಎಸ್ಸಿ. ಹೆಣ್ಣುಹುಡುಗಿಗೆ ಫಿಸಿಕ್ಸ್ ಯಾಕೆ ಎಂದು ಕೇಳಿದವರಿಗೆಲ್ಲ ಅವ್ವ ಬಾಗಿಲಿನಿಂದಲೇ ಉತ್ತರ ಕೊಟ್ಟು ಕಳಿಸುತ್ತಿದ್ದಳು. ಅಂಥ ಅವ್ವ ಉಸಿರಿಗೆ ಒದ್ದಾಡುತ್ತಿರುವಾಗ, ಅವಳ ಹಟದಿಂದ ಕಲಿತದ್ದನ್ನು ಬೋರ್ಡಿನ ಮೇಲಷ್ಟೇ ಬರೆದು ಒರೆಸಬೇಕೇ?

ಭಾನುವಾರ ಅಂಗಳದಲ್ಲಿ ಬಾನೆಟ್ ಎತ್ತಿದೆ.

ಎಂಜಿನ್ ಚಾಲೂ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡೆ. ತಿರುಗುವ ಬೆಲ್ಟಿನಿಂದ ಸೀರೆ, ಕೂದಲು ದೂರ. (ನೀವೂ ಮಾಡುವುದಾದರೆ ಇದನ್ನು ಮರೆಯಬೇಡಿ.) ಹಿಂಭಾಗದಲ್ಲಿ ಸದ್ದಿರಲಿಲ್ಲ. ಪುಲ್ಲಿಯ ಹತ್ತಿರ ಬಂದಂತೆ ಕರಕರ ಕಿವಿಗೇ ಇರಿಯಿತು. ಬೇರಿಂಗೇ. ಎ.ಸಿ. ಗ್ಯಾಸಿನ ಪೈಪು ಮುಟ್ಟುವ ಅಗತ್ಯವೂ ಇಲ್ಲ.

ಎಂಜಿನ್ ಬಂದ್ ಮಾಡಿ ಬ್ಯಾಟರಿಯ ವೈರು ಬಿಚ್ಚಿದೆ. ಬೆಲ್ಟ್ ಇಳಿಸಿದೆ. ಕೈಬಳೆ ಅಡ್ಡ ಬರುತ್ತಿದ್ದವು, ತೆಗೆದು ವೈಪರಿಗೆ ಸಿಕ್ಕಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯಾಕೆ, ನಾವು ಕಾಕು ಎಂದು ಕರೆಯುವವರು, ಗೋಡೆಯ ಮೇಲಿಂದ ಇಣುಕಿದರು.

“ಬರೇ ಕೈಯಾಗ ನಿಂತೀರಲ್ರಿ ಬಾಯಾರ. ಹಂಗ ಬಳಿ ತಗೀಬಾರದ್ರಿ, ಮುತ್ತೈದಿ.”

“ಬಳಿ ಒಡದ್ರ ನಡೀತೈತೇನ್ರಿ ಕಾಕು?”

“ಅಯ್ಯ, ಬಿಡ್ತು ಅನ್ರಿ. ಅದಕ್ಕ ಅಂತೀನಿ, ಗಂಡಸ್ರ ಕೆಲಸ ಗಂಡಸ್ರಿಗೆ ಬಿಡ್ರಿ.”

ಗಂಡಸರು ಒಳಗೆ ಕುಕ್ಕರಿನ ಸೀಟಿ ಎಣಿಸುತ್ತಿದ್ದರು. ನಾನು ನಡುವಿನ ಬೋಲ್ಟಿಗೆ ಪಾನಾ ಹಾಕಿದೆ.

ಪುಲ್ಲಿಯ ಮುಂದಿನ ತಟ್ಟೆ ಕಳಚಿ ಕೈಗೆ ಬಂತು. ಅದರ ಹಿಂದೆ ಏನಿತ್ತು ಗೊತ್ತೇ? ಕರಿದಾರ.

ಹೌದು, ನೈಲಾನಿನ ಕರಿದಾರ. ಪುಲ್ಲಿಯ ನಡುವಿಗೆ ಸುತ್ತಿ, ಬಿಸಿಗೆ ಕರಗಿ, ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕೂತಿತ್ತು. ಬೇರಿಂಗಿನ ರಬ್ಬರ್ ಮುಚ್ಚಳವನ್ನು ಅದೇ ಕೊಯ್ದು ಹಾಕಿತ್ತು. ಒಳಗೆ ಗ್ರೀಸಿನ ಬದಲು ಕೆಂಪು ಧೂಳು. ಪಕ್ಕದ ಪೈಪಿಗೆ ದಾರದ ಇನ್ನೊಂದು ತುದಿ ಇನ್ನೂ ಗಂಟು ಹಾಕಿಕೊಂಡಿತ್ತು. ಗಂಟಿನಲ್ಲಿ ಒಣಗಿದ ಲಿಂಬಿಹಣ್ಣಿನ ಸಿಪ್ಪೆ, ಎರಡು ಮೆಣಸಿನಕಾಯಿಯ ತೊಟ್ಟು.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟುವುದು ಎಲ್ಲರೂ ಮಾಡುವಂಥದ್ದೇ. ಆದರೆ ಅದು ತೂಗುವುದು ಗಾಡಿಯ ಮುಂದೆ. ಎಂಜಿನ್ನಿನ ಹೊಟ್ಟೆಯೊಳಗೆ ಕಟ್ಟಿದವರು ಯಾರು? ನೆನಪಾಯಿತು. ಕಾರು ತಂದ ಹೊಸತರಲ್ಲಿ ಮುಂದೆ ಏನೂ ಕಟ್ಟಬೇಡ ಎಂದು ಅಣ್ಣನಿಗೆ ಹೇಳಿದ್ದೆ. ಅವನು ಆಗ ಸುಮ್ಮನಾಗಿದ್ದ. ಆದರೆ ನಾನು ಬಬಲೇಶ್ವರಕ್ಕೆ ಹೋದಾಗಲೆಲ್ಲ “ಆಯಿಲ್ ನೋಡತೀನಿ” ಎಂದು ಬಾನೆಟ್ ಎತ್ತುತ್ತಿದ್ದವನು ಅವನೊಬ್ಬನೇ.

ಪುಲ್ಲಿ ಬಿಚ್ಚಿ, ಹಳೆ ಬೇರಿಂಗ್ ಬಡಿದು ಹೊರತೆಗೆದು ಚೀಲಕ್ಕೆ ಹಾಕಿಕೊಂಡು, ಆಟೋ ಹಿಡಿದು ಗಾಂಧಿ ಚೌಕದ ಕಡೆಯ ಬಿಡಿಭಾಗದ ಅಂಗಡಿಗೆ ಹೋದೆ. “ಮೇಸ್ತ್ರಿ ಯಾರ್ರಿ?” ಎಂದು ಕೇಳಿದ ಅಂಗಡಿಯವ. “ನಾನ” ಎಂದೆ. ಅವನು ನನ್ನ ಕೈಗೆ ಮೆತ್ತಿದ್ದ ಗ್ರೀಸ್ ನೋಡಿದ. ಅದೇ ನಂಬರಿನ ಹೊಸದು ತೆಗೆದುಕೊಟ್ಟ.

ಬೇರಿಂಗ್ ಪುಲ್ಲಿಯೊಳಗೆ ಬಿಗಿಯಾಗಿ ಕೂರಬೇಕು. ಗ್ಯಾರೇಜಿನಲ್ಲಾದರೆ ಪ್ರೆಸ್ ಇರುತ್ತದೆ. ನನ್ನಲ್ಲಿ ಫ್ರಿಜ್ ಇತ್ತು, ವಿಜಯಪುರದ ಬಿಸಿಲಿತ್ತು. ಕಬ್ಬಿಣ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ, ನಾನು ಟಿಕೋಟಾದಲ್ಲಿ ಪ್ರತಿ ವರ್ಷ ಹೇಳುವ ಪಾಠ. ಪುಲ್ಲಿಯನ್ನು ಮಾಳಿಗೆಯ ಕಾದ ಫರಸಿಗಲ್ಲಿನ ಮೇಲೆ ಒಣಹಾಕಿದೆ, ಬೇರಿಂಗನ್ನು ಕವರಿನಲ್ಲಿ ಸುತ್ತಿ ಫ್ರೀಜರಿನ ಬರ್ಫದ ನಡುವೆ ಇಟ್ಟೆ. ಮಧ್ಯಾಹ್ನ ಊಟವಾದ ಮೇಲೆ, ಪುಲ್ಲಿಯನ್ನು ಬಟ್ಟೆಯಲ್ಲಿ ಹಿಡಿದು ಬೇರಿಂಗ್ ಇಟ್ಟು, ಮೇಲೊಂದು ಕಟ್ಟಿಗೆ ತುಂಡಿಟ್ಟು ಮೆಲ್ಲಗೆ ಬಡಿದೆ. ಕೂತಿತು. ಈ ಊರಿನ ಬಿಸಿಲು ಯಾವತ್ತಾದರೂ ನನ್ನ ಪರ ನಿಂತಿದ್ದರೆ ಅದು ಅವತ್ತು.

ಎಲ್ಲ ಮರಳಿ ಜೋಡಿಸಿ, ಕಾರು ಚಾಲೂ ಮಾಡಿ, ಎ.ಸಿ. ಒತ್ತಿದೆ. ಟಕ್ ಎಂದಿತು, ತಣ್ಣಗೆ ಗಾಳಿ ಬಂತು. ಕರಕರ ಇಲ್ಲ. ಯಜಮಾನರು ಹೊರಗೆ ಬಂದು ಕಿವಿಗೊಟ್ಟರು. “ಚಾಲೂ ಐತೇನು?” ಎಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾವ ವಿಶ್ವವಿದ್ಯಾಲಯವೂ ಕೊಟ್ಟಿಲ್ಲ.

ಅವ್ವನ ಡಾಕ್ಟರ ದಿನ ಬಂತು. ಬಬಲೇಶ್ವರಕ್ಕೆ ಹೋದೆ. ಅಣ್ಣ ಕಾರಿನ ಸುತ್ತ ಒಂದು ಸುತ್ತು ಹಾಕಿದ, ಬಗ್ಗಿ ಕೇಳಿದ.

“ಯಾವ ಗ್ಯಾರೇಜಿನಾಗ ಮಾಡಿಸಿದಿ?”

“ಮನ್ಯಾಗ ಮಾಡೇನಿ.”

“ನೋಡು, ನಿಮ್ಮ ಮನಿಯವ್ರು ಎಷ್ಟ್ ಶ್ಯಾಣ್ಯಾ ಅದಾರ.”

ಚೀಲದಿಂದ ಹಳೆ ಬೇರಿಂಗನ್ನೂ ಅದಕ್ಕಂಟಿದ್ದ ಕರಿದಾರವನ್ನೂ ತೆಗೆದು ಅವನ ಮುಂದೆ ಕಟ್ಟೆಯ ಮೇಲಿಟ್ಟೆ. “ಇದನ್ನ ಯಾರು ಕಟ್ಟಿದ್ರು?”

ಅಣ್ಣ ನಾಚಲಿಲ್ಲ, ಮುಚ್ಚಿಡಲೂ ಇಲ್ಲ. “ನಾನ ಕಟ್ಟೇನಿ. ಹೆಣ್ಮಗಳು ಗಾಡಿ ಹೊಡೀತಾಳಂದ್ರ ಮಂದಿ ಕಣ್ಣು ಬೀಳಂಗಿಲ್ಲೇನು?”

“ಇದ ಸಿಕ್ಕು ಬೇರಿಂಗ್ ಹಾಳಾಗೈತಿ ಅಣ್ಣಾ.”

“ದಾರ ಇತ್ತಂತ ಇಷ್ಟರಾಗ ಹೋತು. ಇರಲಿಲ್ಲಂದ್ರ ದೊಡ್ಡದ ಆಗ್ತಿತ್ತು.”

ಹೇಳಿ, ಇದಕ್ಕೆ ಯಾವ ಫಿಸಿಕ್ಸಿನಲ್ಲಿ ಉತ್ತರವಿದೆ? ಗಾಡಿ ಕೆಡಿಸಿದ್ದು ದಾರ, ಬೈಸಿಕೊಂಡದ್ದು ನನ್ನ ಕಾಲು. ರಿಪೇರಿ ಮಾಡಿದ್ದು ನನ್ನ ಕೈ, ಶ್ಯಾಣ್ಯಾ ಅನ್ನಿಸಿಕೊಂಡದ್ದು ಕುಕ್ಕರ್ ಕಾದ ಯಜಮಾನರು. ಇಷ್ಟೆಲ್ಲ ಆದ ಮೇಲೆ ಜೀವ ಉಳಿಸಿದ ಪುಣ್ಯ ಮತ್ತೆ ದಾರಕ್ಕೇ!

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಒಳಗಿನಿಂದ ಹೊಸ ಲಿಂಬಿಹಣ್ಣು ಹಿಡಿದುಕೊಂಡು ಬಂದಿದ್ದ. ಬಾನೆಟ್ ಮೇಲೆ ಕೈಯಿಟ್ಟ.

ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದ ಅವ್ವ ಎದ್ದಳು. ಬಂದು ಮುಂದಿನ ಸೀಟಿನಲ್ಲಿ ಕೂತಳು, ಬಾಗಿಲು ಎಳೆದುಕೊಂಡಳು. ಗಾಜು ಅರ್ಧ ಇಳಿಸಿ ಮಗನಿಗೆ ಹೇಳಿದಳು: “ಕೈ ತಗಿಯಪಾ. ಕಟ್ಟೂದಿದ್ರ ನಿನ್ನ ಟ್ರ್ಯಾಕ್ಟರಿನ ಇಂಜಿನ್ನಿಗೆ ಕಟ್ಟಿಕೋ.”

“ಅದನ್ನ ನಾ ಹೊಡೀತೀನಲ್ಲವ್ವಾ” ಎಂದ ಅಣ್ಣ. ತಾನೇನು ಹೇಳಿದೆ ಎಂಬುದು ಅವನಿಗೆ ಇವತ್ತಿಗೂ ಹೊಳೆದಿಲ್ಲ.

ಅವ್ವ ಗಾಜು ಏರಿಸಿದಳು. ಹೊರಟೆವು. ಹೊರಗೆ ಲಾರಿಗಳು ಧೂಳೆಬ್ಬಿಸುತ್ತಿದ್ದವು, ಒಳಗೆ ಅವ್ವನ ಉಸಿರು ಸಲೀಸಾಗಿತ್ತು. ಊರು ಹತ್ತಿರ ಬಂದಾಗ ಆ ಗ್ಯಾರೇಜು ಕಾಣಿಸಿತು. “ಹೆಣ್ಮಕ್ಕಳು ಗಾಡಿ ಹೊಡದ್ರ ಹಿಂಗ ಆಗೂದು” ಎಂದು ಮಾಲೀಕ ಅಂದದ್ದನ್ನು ಅವ್ವನಿಗೆ ಹೇಳಿದೆ, ಸಿಟ್ಟಿನಿಂದಲೇ.

ಅವ್ವ ಗಾಜಿಗೆ ಹಣೆ ಹಚ್ಚಿ, ಅಂಗಳದ ತುಂಬ ಬಾಯಿ ತೆರೆದು ನಿಂತ ಗಾಡಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು:

“ಹೌದೇನ ಯವ್ವಾ? ಹಂಗಾದ್ರ ಇಷ್ಟೂ ಗಾಡಿ ಯಾವ ಹೆಣ್ಮಗಳು ಕೆಡಿಸ್ಯಾಳ?”