ಕಣಕ್ಕೆ ಎರಡು ಜೊತೆ ಬೂಟು

ನಮ್ಮತ್ತೆಯ ಸೊಂಟದ ಮೂಳೆ ಮುರಿದದ್ದು ನನ್ನಿಂದ. ಹೀಗಂದರೆ ನಮ್ಮನೆಯವರಿಗೆ ಸಿಟ್ಟು ಬರುತ್ತದೆ. "ನೀನೇನು ತಳ್ಳಿದ್ಯಾ?" ಅನ್ನುತ್ತಾರೆ. ತಳ್ಳಲಿಲ್ಲ ಮಾರಾಯ್ರೇ, ಕೂರಿಸಿದೆ. ಹತ್ತಿರ ಹತ್ತಿರ ಒಂದೂವರೆ ವರ್ಷ ಕುರ್ಚಿಯಲ್ಲಿ ಕೂರಿಸಿದೆ.

ಆಲ್ದೂರಿನಿಂದ ಸ್ವಲ್ಪ ಒಳಗೆ ನಮ್ಮ ಕಾಫಿ ತೋಟ. ತೋಟ ಪುಟ್ಟದು, ಕಣ ಮಾತ್ರ ದೊಡ್ಡದು. ಕೊಯ್ದ ಹಣ್ಣನ್ನು ಅಲ್ಲಿ ಹರಡಿ ಒಣಗಿಸುತ್ತೇವೆ. ಬಿಸಿಲು ಎಲ್ಲ ಮಗ್ಗುಲಿಗೂ ತಾಗಲಿ ಅಂತ ದಿನಕ್ಕೆ ಎಷ್ಟೋ ಸಲ ತಿರುವಬೇಕು. ಅತ್ತೆ ಅದನ್ನು ಕಾಲಲ್ಲೇ ಮಾಡುತ್ತಿದ್ದರು. ಬರಿಗಾಲನ್ನು ನೆಲದಿಂದ ಎತ್ತದೆ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋದರೆ, ಹಿಂದೆ ನೇಗಿಲು ಹೊಡೆದ ಹಾಗೆ ಸಾಲು ಬೀಳುತ್ತಿತ್ತು. ಎಪ್ಪತ್ತಾರು ದಾಟಿದ ಮೇಲೂ ಹಾಗೇ. ಚಪ್ಪಲಿ ಕಣದ ಅಂಚಲ್ಲೇ ಬಿಡಬೇಕು. ಅನ್ನ ಕೊಡೋ ಬೆಳೆ ಬಿದ್ದ ಜಾಗ, ಮೆಟ್ಟಿಕೊಂಡು ಹತ್ತುವ ಹಾಗಿಲ್ಲ. ಒಮ್ಮೆ ಕಾಫಿ ಕೊಳ್ಳಲು ಬಂದ ವ್ಯಾಪಾರಿ ಬೂಟುಗಾಲು ಇಟ್ಟಾಗ ಅತ್ತೆ ಕೂಗಿದ ಕೂಗಿಗೆ, ಪಾಪ, ಆ ಮನುಷ್ಯ ಒಂದೇ ಕಾಲಲ್ಲಿ ಕುಣಿಯುತ್ತ ಹಿಂದೆ ಸರಿದಿದ್ದ.

ಒಂದು ಜನವರಿಯಲ್ಲಿ, ಒಣಗಿದ ಕಾಫಿ ಹಿಮ್ಮಡಿಯ ಕೆಳಗೆ ಗೋಲಿಯಂತೆ ಉರುಳಿತು. ಬೀಳುವಾಗ ಕೈ ಊರಿದರು, ಬಲ ಮಣಿಕಟ್ಟು ಮುರಿಯಿತು. ಚಿಕ್ಕಮಗಳೂರಿನ ಮೂಳೆ ಡಾಕ್ಟರು ಪಿಒಪಿ ಹಾಕಿ ಸುಮಾರು ಹೊತ್ತು ಮಾತಾಡಿದರು. ಈ ವಯಸ್ಸಿನಲ್ಲಿ ಇಷ್ಟಕ್ಕೇ ಮಣಿಕಟ್ಟು ಮುರಿದಿದೆ ಅಂದರೆ ಒಳಗೆ ಮೂಳೆ ಟೊಳ್ಳಾಗಿರಬಹುದು, ಪರೀಕ್ಷೆ ಮಾಡಿಸಿ, ಕಣ್ಣೂ ತೋರಿಸಿ, ರಾಗಿ, ಹಾಲು, ಸೊಪ್ಪು ಕೊಡಿ, ಬಿಸಿಲಲ್ಲಿ ಓಡಾಡಿಸಿ, ಬೀಳದ ಹಾಗೆ ನೋಡ್ಕೊಳ್ಳಿ ಅಂದರು. ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯದೊಂದೇ. ಪರೀಕ್ಷೆಯ ಚೀಟಿ ಕ್ಯಾಲೆಂಡರಿನ ಹಿಂದೆ ಸೇರಿತು.

ಬೀಳಬಾರದು ಅಂದರೆ ಏಳಬಾರದು, ಅಷ್ಟೇ ತಾನೆ? ನಡುಮನೆಯಲ್ಲಿ ಕುರ್ಚಿ ಹಾಕಿದೆ. ಕಾಫಿ ಕುರ್ಚಿಗೆ, ತಿಂಡಿ ಕುರ್ಚಿಗೆ, ಪೂಜೆಗೆ ವಿಭೂತಿ ಗಟ್ಟಿಯೂ ಕುರ್ಚಿಗೆ. ಅವರು ಏಳುವ ಮುಂಚೆಯೇ "ಅತ್ತೆ, ಕೂತ್ಕೊಳ್ಳಿ ನೀವು!" ಅಂತ ಅಡುಗೆಮನೆಯಿಂದ ಕೂಗುತ್ತಿದ್ದೆ. ನನ್ನ ಗಂಟಲು ಮೊದಲೇ ದೊಡ್ಡದು. ಮೊದಮೊದಲು ಜಗಳವಾಡಿದರು. "ನಾನೇನು ಹಸೆಮಣೆ ಮೇಲಿರೋ ಮದುಮಗಳೇನೇ?" ಅಂತ ರೇಗಿದರು. ಆಮೇಲೆ ಸುಮ್ಮನಾದರು. ಮುಂದಿನ ಕೊಯ್ಲಿಗೆ ಕಣದ ಕಡೆಗಿನ ಕಿಟಕಿ ತೆಗೆದಿಡು ಅಂದರಷ್ಟೇ. ಬಂದ ನೆಂಟರೆಲ್ಲ "ಸೊಸೆ ಅಂದ್ರೆ ನೀನಮ್ಮ" ಅನ್ನುತ್ತಿದ್ದರು. ನಾನು ಉಬ್ಬಿ ಹೋಗಿದ್ದೆ.

ಮರುವರ್ಷದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದವರು ನಾಲ್ಕು ಹೆಜ್ಜೆ ಇಟ್ಟಿಲ್ಲ, ಬಾಗಿಲಲ್ಲಿದ್ದ ಕಾಲೊರಸು ಜಾರಿತು. ಹಳೇ ಸೀರೆಯಲ್ಲಿ ನಾನೇ ಹೆಣೆದ ಕಾಲೊರಸು. ಓಡಿ ಬಂದರೆ ಎಡಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿದೆ. "ಎತ್ತಬೇಡ್ವೇ, ಎತ್ತಬೇಡ" ಅಂದರು. ನಲವತ್ತು ವರ್ಷ ಕಣ ತುಳಿದ ಕಾಲು, ನೋಡಲಾಗಲಿಲ್ಲ ನನಗೆ.

ಅದೇ ಡಾಕ್ಟರು. ಸೊಂಟದ ಕೀಲಿನ ಹತ್ತಿರ ಮುರಿದಿದೆ, ಆಪರೇಷನ್ ಆಗಲೇಬೇಕು ಅಂದರು. ಅತ್ತೆಯ ತೊಡೆ ಮುಟ್ಟಿ ನೋಡಿ, "ಇಷ್ಟು ಸೊರಗಿದೆಯಲ್ಲ, ಮನೇಲಿ ಏನು ಮಾಡ್ಕೊಂಡಿದ್ರು?" ಅಂತ ಕೇಳಿದರು.

"ಏನೂ ಮಾಡಿಸ್ತಿರ್ಲಿಲ್ಲ ಸಾರ್, ಕೂತಲ್ಲಿಗೇ ಎಲ್ಲ" ಅಂದೆ, ಹೆಮ್ಮೆಯಿಂದಲೇ.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನಡೆದಾಡಿದರೇ ಅಮ್ಮ ಮೂಳೆ ಗಟ್ಟಿಯಿರೋದು, ಕಾಲಲ್ಲಿ ಶಕ್ತಿ ಉಳಿಯೋದು. ಕೂತವರು ಎದ್ದಾಗಲೇ ಬೀಳೋದು" ಅಂದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಾಫಿ ಲೋಟ ಎದುರಿಗಿಟ್ಟುಕೊಂಡು ನಾನು ಅತ್ತುಬಿಟ್ಟೆ. ನಮ್ಮನೆಯವರು ಗಾಬರಿಯಾಗಿ ಇನ್ನೊಂದು ಕಾಫಿ ತಂದುಕೊಟ್ಟರು. ಪಾಪ, ಅವರಿಗೆ ಗೊತ್ತಿದ್ದ ಸಮಾಧಾನ ಅದೊಂದೇ.

ಆಪರೇಷನ್ ಆದ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ನಿಂತವರು ಕೇಳಿದ ಮೊದಲ ಮಾತು, "ಕಣಕ್ಕೆ ಹೋಗ್ತೀನಾ?" ನಾನು ಮಂಚದ ಕಂಬಿ ಹಿಡಿದು, "ನನ್ನಿಂದ ಹೀಗಾಯ್ತು ಅತ್ತೆ" ಅಂದೆ. "ಹೋಗೇ. ಕೂರಿಸಿದ್ದು ನೀನು, ಕೂತಿದ್ದು ನಾನಲ್ವಾ?" ಅಂದರು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಮನೆಗೆ ಬಂದವಳೇ ಕಾಲೊರಸುಗಳನ್ನೆಲ್ಲ ಒಲೆಗೆ ಹಾಕಿದೆ. ಬಚ್ಚಲಿಗೆ ಹಿಡಿಕೆ ಬಂತು, ಮೆಟ್ಟಿಲ ಪಾಚಿ ಹೋಯಿತು. ಚೀಟಿ ಕ್ಯಾಲೆಂಡರಿನ ಹಿಂದಿನಿಂದ ಹೊರಬಂದು ಪರೀಕ್ಷೆಯಾಯಿತು, ಔಷಧಿ ಶುರುವಾಯಿತು, ಕಣ್ಣಿನ ಪೊರೆ ತೆಗೆಸಿದೆವು. ಆ ಕುರ್ಚಿ ವ್ಯಾಯಾಮಕ್ಕೆ ಬಂತು. ಅದರಿಂದ ದಿನಾ ಹತ್ತು ಸಲ ಏಳಬೇಕು, ಕೂರಬೇಕು. ಒಂಬತ್ತಕ್ಕೇ ಹತ್ತು ಅಂದುಬಿಡುತ್ತಿದ್ದರು ಕಳ್ಳಿ.

ಒಂದೇ ತಕರಾರು. ನಡೆಯುವಾಗ ಹಿಡಿತವಿರುವ ಬೂಟು ಬೇಕೇ ಬೇಕು, ಬರಿಗಾಲಿನ ಮಾತೇ ಇಲ್ಲ ಅಂತ ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಹುಡುಗಿ ಹೇಳಿದ್ದಳು. ಮನೆಯೊಳಗೆ ಆಗಲಿ ಅಂದರು ಅತ್ತೆ. ಕಣಕ್ಕೆ ಮಾತ್ರ, "ಪ್ರಾಣ ಹೋದ್ರೂ ಇಲ್ಲ." ಬರಿಗಾಲಲ್ಲಿ ನಾನು ಬಿಡುವುದಿಲ್ಲ, ಬೂಟಿನಲ್ಲಿ ಅವರು ಹತ್ತುವುದಿಲ್ಲ. ಈ ಮುದುಕಿ ಇನ್ನು ಕಣ ಹತ್ತಿದ ಹಾಗೇ ಅಂದುಕೊಂಡು ಒಳಗೊಳಗೇ ಕುಗ್ಗಿದೆ.

ಆಯುಧ ಪೂಜೆ ಬಂತು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕತ್ತಿ, ತಕ್ಕಡಿ, ಔಷಧಿ ಹೊಡೆಯುವ ಪಂಪು, ಜೀಪು, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಅತ್ತೆ ವಾಕರ್ ಊರುತ್ತ ಬಂದು ಮಗನಿಗೆ ಕಣ್ಸನ್ನೆ ಮಾಡಿದರು. ಇವರು ಜೀಪಿನಿಂದ ಎರಡು ಡಬ್ಬ ತಂದರು. ತಾಯಿ ಮಗ ಸೇರಿ ಆಲ್ದೂರಿನಿಂದ ಗುಟ್ಟಾಗಿ ತರಿಸಿದ ಹೊಸ ಬೂಟುಗಳು, ಎರಡು ಜೊತೆ. ಅತ್ತೆ ಅವನ್ನು ಕತ್ತಿಗಳ ಪಕ್ಕಕ್ಕೇ ಇಡಿಸಿ, ವಿಭೂತಿ ಹಚ್ಚಿಸಿ, "ಇದು ಹೊರಗಿನ ನೆಲ ಮುಟ್ಟೋ ಹಾಗಿಲ್ಲ. ಕಣಕ್ಕೆ ಮಾತ್ರ. ಪೂಜೆ ಆದ್ಮೇಲೆ ಇದು ಕೆಲಸದ ಸಾಮಾನು, ಮೆಟ್ಟಲ್ಲ" ಅಂತ ತೀರ್ಪು ಕೊಟ್ಟರು. ಅಬ್ಬಾ, ಇಷ್ಟು ದಿನ ಆ ತಲೆಯಲ್ಲಿ ಇದು ಓಡುತ್ತಿತ್ತೇ! ಎರಡನೇ ಜೊತೆ ಯಾಕೆ ಅಂದರೆ, ಒಂದು ಹರಿದರೆ ಇರಲಿ ಅಂತೇನೋ ಅಂದುಕೊಂಡೆ.

ಜನವರಿಯಲ್ಲಿ ಕಾಫಿ ಹರಡುವಾಗ ನಮ್ಮನೆಯವರು ನಡುವೆ ಎರಡಡಿ ದಾರಿ ಬಿಟ್ಟರು, ಕಾಲಡಿಗೆ ಒಂದು ಕಾಳೂ ಇರದಂತೆ ಗುಡಿಸಿದರು. ಕಾಲಲ್ಲಿ ತಿರುವುತ್ತಿದ್ದ ಕೆಲಸ ಇನ್ನು ಉದ್ದ ಹಿಡಿಯ ಹಲಗೆಗೆ. ಅತ್ತೆ ಕೋಲು ಹಿಡಿದು, ಬೂಟು ತೊಟ್ಟು, ಕಣ ಹತ್ತಿದರು. ಹತ್ತಿ ನಿಂತು ಸುತ್ತ ನೋಡಿದರು. ನಾನು ಅಭ್ಯಾಸಬಲದಿಂದ ಕುರ್ಚಿ ಎತ್ತಿಕೊಂಡು ಹಿಂದೆಯೇ ಬಂದಿದ್ದೆ.

"ಅದನ್ನ ಒಳಗಿಟ್ಟು, ಆ ಇನ್ನೊಂದು ಜೊತೆ ಹಾಕ್ಕೊಂಡು ಬಾ" ಅಂದರು. "ನಿನ್ನ ಅಳತೆದೇ."

"ನಂಗ್ಯಾಕತ್ತೆ? ನಂಗೇನಾಗಿದೆ?"

"ಐವತ್ತೆಂಟಾಗಿದೆ" ಅಂದರು. ಆಮೇಲೆ ದನಿ ಇಳಿಸಿ, "ಮಗನಿಗೆ ಹುಡುಗಿ ನೋಡ್ತಾ ಇದೀಯಲ್ಲ. ಬರೋಳು ಒಳ್ಳೇಳಾದ್ರೆ, ನಿನ್ನ ಮೇಲೆ ಜೀವ ಇಟ್ಕೊಂಡ್ರೆ, ಅವಳೂ ನಿಂಗೊಂದು ಕುರ್ಚಿ ಹಾಕ್ತಾಳೆ. ಕೂರಬೇಡ ಕಣೇ" ಅಂದರು.

ಕುರ್ಚಿ ಒಳಗಿಟ್ಟು ಬಂದೆ. ಬೂಟು ಸರಿಯಾಗಿ ಹಿಡಿಸಿತು. ಕಣದ ಅಂಚಿನಲ್ಲಿ ಕೂತು ದಾರ ಕಟ್ಟುತ್ತಿದ್ದರೆ ಕಣ್ಣು ತುಂಬಿ ಗಂಟು ಬೀಳಲೊಲ್ಲದು. ಅತ್ತೆ ಅವಸರ ಮಾಡಲಿಲ್ಲ. ನನಗಾಗಿ ಕಾಯುತ್ತ ಬಿಸಿಲಲ್ಲಿ ನಿಂತೇ ಇದ್ದರು.