ನಮ್ಮ ಮನೆಯ ಬಹುವಚನ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ‘ಅವರು’ ಎಂದು ಬರುವುದು ಹೊಸಪೇಟೆಯಲ್ಲಿ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು. ‘ಆಕೆ’ ಎಂದು ಬರುವುದು ಆ ಬಾಡಿಗೆ ಮನೆಯ ಒಡತಿ. ಅದಲುಬದಲಾಗಿದೆ ಎಂದು ಯಾರೂ ತಿದ್ದಲು ಬರಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತಳಾದವಳು ನಾನು. ಏಕವಚನ ಎಲ್ಲಿ, ಬಹುವಚನ ಎಲ್ಲಿ ಎನ್ನುವುದು ನನಗೆ ಗೊತ್ತು.

ಅದಿರಿನ ಭರಾಟೆಯ ವರ್ಷಗಳು ಅವು. ತುಮಕೂರು ಕಡೆಯಿಂದ ಕಮಲಾಪುರದ ಶಾಲೆಯೊಂದಕ್ಕೆ ವರ್ಗವಾಗಿ, ಅಮ್ಮನನ್ನು ಕರೆದುಕೊಂಡು ಹೊಸಪೇಟೆಗೆ ಬಂದಿದ್ದೆ. ಬಾಡಿಗೆ ಮನೆಗೆ ಜನ ಮುಗಿಬೀಳುತ್ತಿದ್ದ ಕಾಲ. ಲಾರಿ ಇಟ್ಟವರೆಲ್ಲ ಮನೆಯ ಮೇಲೆ ಮನೆ ಕಟ್ಟುತ್ತಿದ್ದರು, ಗಾರೆ ಒಣಗುವ ಮೊದಲೇ ಬಾಡಿಗೆಯವರು ಬಂದು ನಿಲ್ಲುತ್ತಿದ್ದರು. ನಮಗೆ ಸಿಕ್ಕಿದ್ದೂ ಅಂಥ ಒಂದು ಮಹಡಿ. ಕೆಳಗೆ ಒಡತಿಯ ಸಂಸಾರ, ಮೇಲೆ ನಾವಿಬ್ಬರು. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆ ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು. ಒಗೆದು ಹಾಕಿದ ಬಿಳಿಯ ಲಂಗ ಒಣಗುವಷ್ಟರಲ್ಲಿ ಕಾವಿ ಬಟ್ಟೆಯಾಗುತ್ತಿತ್ತು. ಅದಕ್ಕೆಲ್ಲ ಹೆದರುವ ಜೀವವಲ್ಲ ನನ್ನದು. ಆದರೆ ಬಂದ ಹೊಸತರಲ್ಲೇ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಹಾಸಿಗೆ ಬಿಟ್ಟು ಏಳುವಂತಿಲ್ಲ. ಹಗಲಿಡೀ ಹತ್ತಿರ ಒಬ್ಬರು ಬೇಕೇ ಬೇಕು. ಸಿಗದಿದ್ದರೆ ನಾನು ನೌಕರಿ ಬಿಡಬೇಕು.

ತುಮಕೂರಿನಿಂದ ಅಣ್ಣ ಫೋನು ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದ. “ಒಂಟಿ ಹೆಂಗಸು, ನಿನಗ್ಯಾಕೆ ಆ ಊರಿನ ಉಸಾಬರಿ? ರಾಜೀನಾಮೆ ಕೊಟ್ಟು ಅಮ್ಮನ್ನ ಕರ್ಕೊಂಡು ಬಾ. ನಮ್ಮನೇಲಿ ಒಂದು ರೂಮು ಖಾಲಿ ಇದೆ.” ಆ ರೂಮು ನನಗೆ ಗೊತ್ತು. ಅದನ್ನು ಹೊಕ್ಕರೆ ಅವನ ಸಂಸಾರಕ್ಕೆ ನಾನೇ ಮನೆಗೆಲಸದವಳು, ಅದೂ ಸಂಬಳವಿಲ್ಲದೆ. ಬರುವುದಿಲ್ಲ ಎಂದೆ. ಎಷ್ಟೋ ವರ್ಷ ಅಲ್ಲಿ ಇಲ್ಲಿ ತಾತ್ಕಾಲಿಕವಾಗಿ ದುಡಿದು, ಕೊನೆಗೆ ಕಾಯಂ ಆದ ಕೆಲಸ. ಅದನ್ನು ಬಿಡು ಅನ್ನುವುದಕ್ಕೆ ಅವನು ಯಾರು?

ಬಾಯಲ್ಲಿ ಹಾಗಂದೆ, ನಿಜ. ಆದರೆ ಕೆಲಸಕ್ಕೆ ಜನವೆಲ್ಲಿ? ಬೆಳಗಾದರೆ ಓಣಿಯ ತುದಿಗೆ ಟೆಂಪೋ ಬಂದು ನಿಂತು, ಹೆಂಗಸರನ್ನು ತುಂಬಿಕೊಂಡು ಅದಿರು ಆರಿಸುವ ಕೆಲಸಕ್ಕೆ ಸಂಡೂರಿನ ಕಡೆ ಹೋಗಿಬಿಡುತ್ತಿತ್ತು. ಕಂಪ್ಲಿ ಕಡೆಯವರೊಬ್ಬರು ಸಿಕ್ಕರು, ನಾಟಿ ಶುರುವಾಯಿತೆಂದು ಊರಿಗೆ ಹೋದವರು ಭತ್ತ ಕೊಯ್ಲಾದರೂ ತಿರುಗಿ ಬರಲಿಲ್ಲ. ಆಮೇಲೆ ಬಂದ ಹುಡುಗಿಗೆ ಹಂಪಿ ಬಜಾರಿನಲ್ಲಿ ಫಾರಿನ್ನಿನವರ ರೂಮು ಗುಡಿಸುವ ಕೆಲಸ ಸಿಕ್ಕಿತು, ಹೇಳದೆ ಕೇಳದೆ ಹೋದಳು. ಅವಳನ್ನು ಬೈಯಲಾರೆ, ಅವಳ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ. ಆದರೆ ಅವತ್ತು ಸಂಜೆ ನಾನು ಶಾಲೆಯಿಂದ ಬಂದಾಗ ಅಮ್ಮ ಮಧ್ಯಾಹ್ನದಿಂದ ಒದ್ದೆಯಲ್ಲೇ ಮಲಗಿದ್ದಳು. ನನ್ನನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹಾಸಿಗೆ ಬದಲಿಸುತ್ತ ನನಗೆ ಅಳು ಬಂತು, ಸಿಟ್ಟೂ ಬಂತು. ನನ್ನ ರಜೆಗಳೆಲ್ಲ ಮುಗಿದುಹೋಗಿದ್ದವು.

ಆಗ ದಾರಿ ತೋರಿಸಿದ್ದು ಮನೆಯೊಡತಿಯೇ. ಆಕೆ ಕೆಟ್ಟವಳಲ್ಲ. ರೊಟ್ಟಿ ಬಡಿದ ದಿನ ಬಿಸಿಬಿಸಿಯಾಗಿ ಮೇಲಕ್ಕೂ ಕಳಿಸುತ್ತಿದ್ದಳು. ತನ್ನ ಮನೆಯಲ್ಲಿ ಮುಸುರೆ ತಿಕ್ಕುವ ಹೆಂಗಸನ್ನು, ಬೆಳಿಗ್ಗೆ ಬೇಗ ಕೆಳಗಿನ ಕೆಲಸ ಮುಗಿಸಿ ಆಮೇಲೆ ಸಂಜೆಯತನಕ ನಮ್ಮಲ್ಲಿರಲಿ ಎಂದು ಒಂದು ಭಾನುವಾರ ಕಳಿಸಿಕೊಟ್ಟಳು.

ಇಲ್ಲಿ ನನ್ನ ಕಿವಿಯ ಕಥೆ ಹೇಳಬೇಕು. ನಮ್ಮ ಕಡೆ ಕೆಲಸದವರನ್ನು ‘ಬಾಮ್ಮ, ಹೋಗಮ್ಮ’ ಅನ್ನುವುದು ವಾಡಿಕೆ. ಹೊಸಪೇಟೆಗೆ ಬಂದರೆ ಎಲ್ಲಿ ಹೋದರೂ ‘ರಿ’. ಕಂಡಕ್ಟರು “ಮುಂದ ಹೋಗ್ರಿ” ಅನ್ನುತ್ತಾನೆ, ತರಕಾರಿಯವಳು “ತಗೋರಿ” ಅನ್ನುತ್ತಾಳೆ, ಪೊಲೀಸಿನವನು ಗದರುವಾಗಲೂ “ಸರೀರಿ” ಅನ್ನುತ್ತಾನೆ. ಅಡುಗೆಗೆ ಉಪ್ಪು ಹಾಕುವ ಹಾಗೆ ಇಲ್ಲಿಯವರು ಎಲ್ಲ ಮಾತಿಗೂ ರಿ ಹಾಕುತ್ತಾರೆ, ಅದಕ್ಕೆ ಅರ್ಥವೇನೂ ಇಲ್ಲ ಎಂದು ತಿಳಿದುಕೊಂಡಿದ್ದೆ. ಊರಿನ ಮಾತು ಕಲಿಯುವ ಉಮೇದು ಬೇರೆ. ಬಾಗಿಲಲ್ಲಿ ನಿಂತವರಿಗೆ, “ಬರ್ರಿ ಅಕ್ಕಾ, ಕುಂದ್ರಿ” ಎಂದೆ.

ಅವರು ಹಿಂದೆ ತಿರುಗಿ ಮೆಟ್ಟಿಲು ನೋಡಿದರು, ಬೇರೆ ಯಾರೋ ಬಂದಿದ್ದಾರೆ ಅನ್ನುವ ಹಾಗೆ. ಯಾರೂ ಇರಲಿಲ್ಲ. ಒಳಗೆ ಬಂದು ಕುರ್ಚಿಯ ಮೇಲೆ ಕೂತರು, ತುದಿಯಲ್ಲಲ್ಲ, ಬೆನ್ನು ಆನಿಸಿ. ಅಮ್ಮನ ಕಡೆ ನೋಡಿದರು.

“ನಾಳಿಂದ ಬರ್ತೀನ್ರಿ ಟೀಚರಮ್ಮ. ಅವ್ವಾರನ್ನ ನಾ ನೋಡ್ಕೊಂತೀನಿ. ಆದ್ರ ನನ್ನ ಬೆನ್ನಿಂದ ಬಂದು ಹಂಗ ಮಾಡು ಹಿಂಗ ಮಾಡು ಅಂತ ಗೊಣಗಿದ್ರ ನಿಲ್ಲಂಗಿಲ್ರಿ.”

ಅವರು ಸಾಧು ಸ್ವಭಾವದವರೇನಲ್ಲ. ಪಾತ್ರೆ ತಿಕ್ಕಿದರೆ ಓಣಿಗೆಲ್ಲ ಕೇಳಿಸಬೇಕು. ಅಮ್ಮನ ಸಪ್ಪೆ ಸಾರಿಗೆ ಧಾರಾಳವಾಗಿ ಖಾರ ಸುರಿಯುತ್ತಿದ್ದರು, ಕೇಳಿದರೆ, “ಸಪ್ಪಂದು ಉಂಡು ಎಲುಬು ಕೂಡತಾವೇನ್ರಿ?” ಎಂದು ನನ್ನನ್ನೇ ದಬಾಯಿಸುತ್ತಿದ್ದರು. ಕಣ್ಣಲ್ಲಿ ನೀರು ಸುರಿಸುತ್ತ ಅಮ್ಮ ಅದನ್ನೇ ಉಣ್ಣುತ್ತಿದ್ದಳು, ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದಳು. ಆದರೆ ಒಂದು ದಿನವೂ ಅವರು ಕೈಕೊಡಲಿಲ್ಲ. ಬರಲಾಗದಿದ್ದರೆ ಮುಂಚೆಯೇ ಹೇಳಿ ತಂಗಿಯನ್ನು ಕಳಿಸುತ್ತಿದ್ದರು. ಅಮ್ಮ ಒದ್ದೆಯಲ್ಲಿ ಮಲಗುವುದು ನಿಂತಿತು, ಮಲಗಿ ಮಲಗಿ ಬೆನ್ನಿಗಾಗಿದ್ದ ಹುಣ್ಣು ಮಾಯಿತು. ನಾನು ಶಾಲೆಯಲ್ಲಿ ಪಾಠ ಮಾಡುತ್ತ ಗಡಿಯಾರ ನೋಡುವುದನ್ನು ಬಿಟ್ಟೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಮಾತಿಗೆ ಮಾತು ಬಂದು, “ಮನೇಲಿ ಕೆಲಸದ ಅಕ್ಕ ಇದಾರೆ, ‘ಅಮ್ಮಂಗೆ ಊಟ ಹಾಕ್ರಿ’ ಅಂತ ಹೇಳಿ ಬಂದಿದೀನಿ” ಎಂದೆ. ಪಕ್ಕದಲ್ಲಿದ್ದ ಗಣಿತದ ಟೀಚರು ಚಹಾ ಕುಡಿಯುವುದನ್ನು ನಿಲ್ಲಿಸಿದರು.

“ಕೆಲಸದಾಕಿಗೆ ರಿ ಹಚ್ತೀರೇನ್ರಿ? ಕನ್ನಡ ಟೀಚರ್ ಆಗಿ ಅಷ್ಟೂ ಗೊತ್ತಿಲ್ಲೇನು? ರಿ ಅಂದ್ರ ದೊಡ್ಡೋರಿಗೆ, ನಮ್ಮ ಸರೀಕರಿಗೆ.”

ಎಲ್ಲರೂ ನಕ್ಕರು. ಗೌರವಾರ್ಥಕ ಬಹುವಚನವನ್ನು ಹುಡುಗರಿಗೆ ಉರು ಹೊಡೆಸುತ್ತಿದ್ದ ನನ್ನ ಮುಖ ಕೆಂಪಾಯಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಗಮನವಿಟ್ಟು ಕೇಳಿದೆ. ಹೌದು, ರಿ ಎಲ್ಲರಿಗೂ ಇರಲಿಲ್ಲ. ಕಂಡಕ್ಟರ ಬಾಯಲ್ಲಿ ಕಿಟಕಿಯ ಹತ್ತಿರ ಕೂತ ಸಾಹುಕಾರನಿಗೆ “ಸರೀರಿ”, ಬುಟ್ಟಿ ಹಿಡಿದು ನಿಂತಿದ್ದ ಮುದುಕಿಗೆ “ಲೇ, ಸರೀ”. ಇಷ್ಟು ದಿನ ಎರಡನೆಯದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಮರುದಿನ ಅವರು ಮೆಟ್ಟಿಲು ಹತ್ತಿ ಬರುವಾಗ ‘ಬಾಮ್ಮ’ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಅನ್ನಬೇಕು ಅನ್ನಿಸಿತು. ಸ್ಟಾಫ್ ರೂಮಿನಲ್ಲಿ ನಕ್ಕರು ಅಂತಲೇ? ನನ್ನ ತಾಯಿಯನ್ನು ಮಗುವಿನಂತೆ ಎತ್ತಿ ಕೂರಿಸುವವರು ದೊಡ್ಡವರಲ್ಲದೆ ಇನ್ನು ಯಾರು ದೊಡ್ಡವರು? ಹಟ ಬಂತು. “ಬರ್ರಿ ಅಕ್ಕಾ” ಎಂದೆ, ಕೆಳಗಿನ ಮನೆಗೂ ಕೇಳುವ ಹಾಗೆ.

ಕೇಳಿಸಿತು. ಕೆಲವು ದಿನ ಕಳೆದ ಮೇಲೆ ಒಡತಿ ಮೇಲೆ ಬಂದಳು. ಅವರು ಅಂಗಡಿಗೆ ಹೋಗಿದ್ದ ಹೊತ್ತು ನೋಡಿಕೊಂಡೇ ಬಂದಿದ್ದಳು.

“ಟೀಚರ್, ನಿಮ್ಮಿಂದ ನಮ್ಮ ಮನ್ಯಾಗ ಭಾಳ ತ್ರಾಸ ಆಗೇತಿ.”

“ಏನಾಯ್ತ್ರಿ?”

“ಮುಂಜಾನೆ ‘ಬಾರೇ ಇಲ್ಲಿ’ ಅಂದ್ರ ಆಕಿ ಏನಂದ್ಲು ಗೊತ್ತೇನು? ‘ಮ್ಯಾಗಿನ ಮನ್ಯಾಗ ಬರ್ರಿ ಅಂತಾರ, ನೀವೂ ಹಂಗ ಅನ್ರಿ’ ಅಂತ. ನನಗ ಅಂತಾಳ. ನಾಳಿ ಓಣ್ಯಾಗ ಎಲ್ಲಾ ಕೆಲಸದೋರೂ ಹಿಂಗ ಶುರು ಮಾಡಿದ್ರ?”

“ಅಂದ್ರಾಯ್ತಪ್ಪ. ಅದಕ್ಕೇನು ಖರ್ಚೇ?”

“ಆಕಿ ಯಾವ ಕೇರ್ಯಾಕಿ ಗೊತ್ತೇನ್ರಿ ನಿಮಗ?”

“ಗೊತ್ತು. ಬಸ್ ಸ್ಟ್ಯಾಂಡಿನ ಹಿಂದೆ.”

ಆಕೆ ಕೇಳಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಆಕೆಗೂ ಗೊತ್ತಾಯಿತು. ಆಕೆಯ ದನಿ ಬದಲಾಯಿತು.

“ನೋಡ್ರಿ, ಆಕಿಗೆ ರಿ ಅನ್ನೋದು ಬಿಡ್ರಿ, ಇಲ್ಲಾಂದ್ರ ಮನಿ ಬಿಡ್ರಿ.”

ಊರಲ್ಲಿ ಮನೆ ಸಿಗುವುದು ಅಷ್ಟರಲ್ಲೇ ಇತ್ತು. ಮುರಿದ ಸೊಂಟದ ಅಮ್ಮನನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ? ಅಣ್ಣನ ಖಾಲಿ ರೂಮು ಕಣ್ಣ ಮುಂದೆ ಬಂತು. ಒಂದು ಅಕ್ಷರ ನುಂಗಿದ್ದರೆ ಎಲ್ಲ ಸರಿಹೋಗುತ್ತಿತ್ತು. ನುಂಗಲು ಮನಸ್ಸು ಬರಲಿಲ್ಲ.

“ಹಾಗಾದ್ರೆ ಮನೇನೇ ಬಿಡ್ತೀನಿ ಬಿಡ್ರಿ” ಎಂದೆ.

ಅವರು ಬಂದ ಮೇಲೆ ನಡೆದದ್ದನ್ನು ಹೇಳಿದೆ. ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು.

“ಒಳಗ ರಿ ಅಂದು, ಆಕಿ ಮುಂದ ಬ್ಯಾಡ ಅಂತ ಮಾಡೀರೇನ್ರಿ?”

“ಇಲ್ಲ.”

ಮರುದಿನದಿಂದ ಅವರು ಕೆಳಗಿನ ಮನೆಯ ಕೆಲಸ ಬಿಟ್ಟರು, ನೆಟ್ಟಗೆ ನಮ್ಮ ಮನೆಗೇ ಬಂದರು.

ಒಡತಿ ನೀರಿನ ಮೋಟರು ಹಾಕುವುದನ್ನು ನಿಲ್ಲಿಸಿದಳು. ಮೇಲಿನ ಟ್ಯಾಂಕು ಒಣಗಿತು. ಬೀದಿಯ ನಲ್ಲಿಯಿಂದ ಹೊತ್ತು ತರಬೇಕಾಯಿತು. ಅವರೊಂದು ಕೊಡ, ನಾನೊಂದು ಕೊಡ, ಆಕೆಯ ಅಂಗಳದ ಮಧ್ಯದಿಂದಲೇ ದಾರಿ. ಆಕೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನೋಡಲಿ ಎಂದೇ ನಾನು ಗಂಟಲೆತ್ತಿ, “ಅಕ್ಕಾ ನಿಧಾನ ಬರ್ರಿ, ಅಕ್ಕಾ ಕೊಡ ಇಳಿಸ್ರಿ” ಅನ್ನುತ್ತಿದ್ದೆ. ಬೇಕಾದದ್ದಕ್ಕಿಂತ ಹೆಚ್ಚು ರಿ ಸೇರಿಸುತ್ತಿದ್ದೆ. ಸೀರೆಯೆಲ್ಲ ನೆನೆದು, ಶಾಲೆಗೆ ಹಾಗೆಯೇ ಹೋದದ್ದೂ ಉಂಟು. ಭುಜ ನೋಯುತ್ತಿತ್ತು, ಮನಸ್ಸಿಗೆ ಮಾತ್ರ ಮಸ್ತ್ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಆಕೆಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾಯಿತು. ಮನೆ ತುಂಬ ಕೆಂಪು ಧೂಳು, ರಾಶಿ ಪಾತ್ರೆ. ಓಣಿಯಲ್ಲಿ ಕೇಳಿ ನೋಡಿದಳು, ಒಬ್ಬರೂ ಸಿಗಲಿಲ್ಲ. ಸಿಗುವುದೆಲ್ಲಿಂದ? ಹೆಂಗಸರನ್ನು ಸಂಡೂರಿಗೆ ಒಯ್ಯುತ್ತಿದ್ದ ಟೆಂಪೋ ಆಕೆಯ ಗಂಡನದೇ ಆಗಿತ್ತು.

ಕೊನೆಗೆ ನಮ್ಮ ಬಾಗಿಲಿಗೆ ಬಂದಳು. ಅವರು ಅಮ್ಮನ ತಲೆ ಬಾಚುತ್ತಿದ್ದರು.

“ನಾಳಿ ಮಂದಿ ಬರೋರಿದ್ದಾರ... ಮನಿ ಎಲ್ಲಾ ಹಂಗ ಬಿದ್ದೇತಿ... ಒಂದೀಟು ಕೈ ಹಚ್ಚಿದ್ರ ಆಗ್ತಿತ್ತು...”

ವ್ಯಾಕರಣದ ಕಿವಿ ನನ್ನದು, ಸುಮ್ಮನಿರಲಿಲ್ಲ. ‘ಬಾ’ ಅನ್ನಲು ಧೈರ್ಯವಿಲ್ಲ, ‘ಬರ್ರಿ’ ಅನ್ನಲು ಮನಸ್ಸಿಲ್ಲ. ಯಾರಿಗೆ ಹೇಳುತ್ತಿದ್ದೇನೆ ಎಂದು ಗೊತ್ತಾಗದ ಹಾಗೆ ಮಾತು ಕಟ್ಟುತ್ತಿದ್ದಳು. ಅವರು ಬಾಚಣಿಗೆ ನಿಲ್ಲಿಸಲಿಲ್ಲ.

“ಯಾರಿಗೆ ಹೇಳಾಕತ್ತೀರಿ ಅಮ್ಮಾರ?”

ಒಡತಿ ನನ್ನ ಕಡೆ ತಿರುಗಿದಳು. “ಟೀಚರ್, ನೀವರ ಆಕಿಗೆ ಹೇಳ್ರಿ.”

“ಅವರಿಗೆ ನೀವೇ ಹೇಳ್ರಿ” ಎಂದೆ.

ಆಕೆ ಬಾಗಿಲ ಚೌಕಟ್ಟನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, “ನಾಳಿ ಬರ್ರಿ” ಎಂದಳು.

ಅವರು ಅಮ್ಮನ ಜಡೆಯನ್ನು ತುದಿಯ ತನಕ ಹೆಣೆದು, ಗಂಟು ಹಾಕಿ, ತಲೆ ಎತ್ತಿದರು.

“ಬರಂಗಿಲ್ರಿ” ಎಂದರು. ಅಷ್ಟೇ ಮರ್ಯಾದೆಯಿಂದ.

ಮನೆ ಬಿಡಲೇಬೇಕಾಯಿತು. ಮಲಪನಗುಡಿಯಲ್ಲಿ ತಮ್ಮ ಪರಿಚಯದವರ ಕಡೆ ಎರಡು ಕೋಣೆಯ ತಗಡಿನ ಮನೆಯೊಂದನ್ನು ಅವರೇ ಹುಡುಕಿಕೊಟ್ಟರು. ಬಿಸಿಲಿಗೆ ಕಾದ ಹಂಚಿನ ಮೇಲೆ ಕೂತಂತಾಗುತ್ತಿತ್ತು, ಆದರೆ ಕಮಲಾಪುರದ ಬಸ್ಸು ಬಾಗಿಲಿಗೇ ಬರುತ್ತಿತ್ತು. ಸಾಮಾನು ಇಳಿಸಿ, ಅಮ್ಮನನ್ನು ಮಲಗಿಸಿ, ಇಬ್ಬರೂ ಹೊಸ್ತಿಲ ಹತ್ತಿರ ಕೂತು ಚಹಾ ಕುಡಿಯುವಾಗ ಕೇಳಿದೆ, ಆಕೆ ಕೊನೆಗೂ ರಿ ಅಂದಳಲ್ಲ, ಯಾಕೆ ಹೋಗಲಿಲ್ಲ ಎಂದು.

“ಅದು ಪಾತ್ರಿಗೆ ಹಚ್ಚಿದ ರಿ, ನನಗಲ್ಲ” ಎಂದರು. ಸ್ವಲ್ಪ ಹೊತ್ತು ಚಹಾ ಆರಿಸಿದರು. “ಮೊದಲನೇ ದಿನ ನೀವೂ ತಿಳೀದ ಅಂದ್ರಿ ಅಂತ ನನಗ ಅವತ್ತ ಗೊತ್ತಾತ್ರಿ. ಊರಿಗೆ ಹೊಸಬ್ರು, ಯಾರರ ಹೇಳಿಕೊಟ್ರ ಬಿಡ್ತಾರ ಅಂದ್ಕೊಂಡಿದ್ನಿ. ಇವತ್ತ ‘ಬಾರೇ’ ಅಂತಾರ, ಇವತ್ತ ಅಂತಾರ ಅಂತ ದಿನಾ ಎದಿ ಗಟ್ಟಿ ಮಾಡ್ಕೊಂಡು ಮೆಟ್ಲ ಹತ್ತತಿದ್ನಿ. ಅಂದಿದ್ರ ಅವತ್ತ ಬಿಟ್ಟು ಹೋಗ್ತಿದ್ನಿ.”